ತಟ್ಟೆಯಲ್ಲಿ ಕೊಳೆತ ಆಲ

ಬೋನ್ಸಾಯ್ ಮಾಡಿದರೆ ಮನಸ್ಸು ತಣ್ಣಗಾಗುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಹೇಳಿದ ಪುಣ್ಯಾತ್ಮನನ್ನು ಒಮ್ಮೆ ಹುಕ್ಕೇರಿಯ ನನ್ನ ಹಿತ್ತಲಿಗೆ ಕರೆತಂದು, ಮೂಗು ಹಿಡಿಯಗೊಡದೆ ನಿಲ್ಲಿಸಬೇಕು. ಎದೆಯ ಆಪರೇಷನ್ ಆದ ಮೇಲೆ ಡಾಕ್ಟರು ಭಾರ ಎತ್ತಬೇಡಿ, ಸಿಟ್ಟಾಗಬೇಡಿ, ಮನೆಯಲ್ಲೇ ಏನಾದರೂ ಹಗುರ ಕೆಲಸ ಹಚ್ಚಿಕೊಳ್ಳಿ ಎಂದಿದ್ದರು. ನಾನು ಹಚ್ಚಿಕೊಂಡದ್ದು ಈ ಹೇಸಿಗೆಯನ್ನು.

ಗೋಕಾಕದ ಒಂದು ನರ್ಸರಿಯಲ್ಲಿ ಫೈಕಸ್ ಗಿಡ ಕೊಂಡೆ. "ಇದು ಸಾಯೂ ಜಾತಿ ಅಲ್ರಿ ಕಾಕಾ, ಹೆಂಗ ಇಟ್ರೂ ಬದಕತೈತಿ" ಎಂದ ಅಂಗಡಿಯವನು. ಎಲೆಗಳು ಫಳಫಳ ಹೊಳೆಯುತ್ತಿದ್ದವು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬರುವಷ್ಟರಲ್ಲಿ ಪ್ಯಾಂಟೆಲ್ಲ ಅಂಟಂಟು. ಆ ಹೊಳಪು ಹುಳಗಳು ಸುರಿಸಿದ ಅಂಟು ಎಂದು ಆಮೇಲೆ ಗೊತ್ತಾಯಿತು. ಹುಣ್ಣಿನ ಹಕ್ಕಳೆಯಂತೆ ಕಾಂಡಕ್ಕೆ ಕಚ್ಚಿಕೊಂಡಿದ್ದ ಅವನ್ನು ಉಗುರಿನಿಂದ ಕೆರೆದರೆ ಪಚಕ್ಕನೆ ಹಳದಿ ರಸ. ಥೂ, ಈಗ ಬರೆಯುವಾಗಲೂ ಕೈ ತೊಳೆಯಬೇಕು ಅನ್ನಿಸುತ್ತಿದೆ.

ಕುಂಡದಿಂದ ಕಿತ್ತಾಗ ಬೇರುಗಳು ಬಚ್ಚಲಿನ ತೂತಿನಿಂದ ಎಳೆದ ಕೂದಲಿನಂತೆ ಸಿಂಬಿಗಟ್ಟಿಕೊಂಡು ಬಂದವು. ವಾಸನೆಯೂ ಅದೇ. ಮೊಬೈಲಿನವನು ಬೇರು ಕತ್ತರಿಸಿ ಚಪ್ಪಟೆ ತಟ್ಟೆಯಲ್ಲಿ ನೆಡಿ ಎಂದ, ಹಾಗೇ ಮಾಡಿದೆ. ಕತ್ತರಿ ಆಡಿದಲ್ಲೆಲ್ಲ ಬಿಳಿ ಹಾಲು ಒಸರಿ, ಬೆರಳಿಗೆ ಮೆತ್ತಿ, ಮಣ್ಣು ಹಿಡಿದು ಕಪ್ಪಾಯಿತು. ಸೋಪಿಗೂ ಹೋಗಲಿಲ್ಲ, ಕೊಬ್ಬರಿ ಎಣ್ಣೆಗೂ ಹೋಗಲಿಲ್ಲ. ಆ ಕೈಯಿಂದ ರೊಟ್ಟಿ ಮುರಿಯಲು ಮನಸ್ಸಾಗದೆ ರಾತ್ರಿ ಚಮಚದಲ್ಲಿ ಅನ್ನ ತಿಂದೆ.

ನನ್ನ ಹೆಂಡತಿಗೆ ಹೊಲಸೆಂದರೆ ಮೊದಲೇ ಆಗದು. ಹಲ್ಲಿ ಬಿದ್ದ ಬಕೆಟ್ಟನ್ನು ಎಷ್ಟು ತಿಕ್ಕಿದರೂ ಮತ್ತೆ ಮುಟ್ಟುವವಳಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ರೀ ಇದು, ಇಲಿ ಸತ್ತಂಗ ನಾರಾಕತ್ತೈತಿ" ಎಂದಳು. ನಾನು ಜಂಬದಿಂದ, "ಇದು ಆಲದ ಬಳಗ. ಸಣ್ಣ ತಟ್ಟ್ಯಾಗ ದೊಡ್ಡ ಆಲ ಮಾಡಿ ತೋರಸ್ತೀನಿ ನೋಡು" ಎಂದೆ. ಆ ಮಾತೇ ಎಡವಟ್ಟಾಯಿತು.

ಕಾರಹುಣ್ಣಿಮೆಗೆ ನಮ್ಮ ಓಣಿಯ ಹೆಂಗಸರು ಗಂಡನ ಆಯುಷ್ಯಕ್ಕಾಗಿ ಆಲದ ಮರಕ್ಕೆ ನೂಲು ಸುತ್ತಿ ಹಾಲೆರೆಯುತ್ತಾರೆ. ಇವಳೂ ಅವರ ಜೊತೆ ಘೋಡಗೇರಿ ರಸ್ತೆಯ ಆಲದ ತನಕ ನಡೆದು ಹೋಗುತ್ತಿದ್ದಳು. ಈ ವರ್ಷ ಮೊಣಕಾಲು ಬಾತು ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ನಾನು ಮಧ್ಯಾಹ್ನ ಗುಳಿಗೆ ನುಂಗಿ ಮಲಗಿದ್ದಾಗ ನನ್ನ ತಟ್ಟೆಯ ಗಿಡಕ್ಕೇ ಪೂಜೆ ಮುಗಿಸಿಬಿಟ್ಟಳು. ಕಾಂಡಕ್ಕೆ ಒತ್ತೊತ್ತಾಗಿ ಸುತ್ತಿದ ನೂಲು ಕಂಡು ನಕ್ಕು ಹಾಗೇ ಬಿಟ್ಟೆ. ಅಂದಿನಿಂದ ದಿನಾ ಬೆಳಿಗ್ಗೆ ನನಗೆ ಕಾಣದಂತೆ ಸಕ್ಕರೆ ಬೆರೆಸಿದ ಹಾಲು ಎರೆಯುತ್ತಿದ್ದಾಳೆಂದು ಮಾತ್ರ ಗೊತ್ತಿರಲಿಲ್ಲ. ತಟ್ಟೆಯ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು, ಅದನ್ನೂ ನಾನು ನೋಡಿರಲಿಲ್ಲ.

ನಾತ ಎದ್ದಿತು. ಮೊದಲು ಬಚ್ಚಲು ಕಟ್ಟಿಕೊಂಡಿದೆ ಎಂದುಕೊಂಡು ಅಲ್ಲಿ ನೀರು ಹೊಯ್ದೆ. ಆಮೇಲೆ ಗಿಡದ ಮೇಲೆ ಮುತ್ತಿದ್ದ ನೊಣ ಕಂಡು ಕಡ್ಡಿಯಿಂದ ಮಣ್ಣು ಕೆದಕಿದರೆ, ಒಡೆದ ಹಾಲಿನ ಗಡ್ಡೆಯೊಳಗೆ ಬಿಳಿ ಹುಳಗಳು ಮಿಜಿಮಿಜಿ. ಹುಳ ಸಾಲದೆಂದು ಆ ಹುಳಿ ವಾಸನೆ ಗಂಟಲಲ್ಲೇ ಕೂತುಬಿಟ್ಟಿತು.

"ಎಂಥಾ ಹೊಲಸ ಮಾಡಿಟ್ಟೀದಿ" ಎಂದು ಕೂಗುತ್ತ, ನೂಲು ಕತ್ತರಿಸಿ ಎಲ್ಲವನ್ನೂ ತಿಪ್ಪೆಗೆ ಎಸೆಯಲು ಕತ್ತರಿ ತಂದೆ. ಅವಳು ಕುಂಟುತ್ತ ಬಂದು ನನ್ನ ಮುಂಗೈ ಹಿಡಿದಳು.

"ನೂಲ ಕಡೀಬ್ಯಾಡ್ರಿ."

"ಕೊಳತ ಹೋಗೇತಿ ಅದು. ಒಗೀತೀನಿ."

"ಒಗೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ. ನಿಮ್ಮನ್ನ ಆಪರೇಷನ್‌ಗೆ ಒಳಗ ಒಯ್ದಾಗ ಹೊರಗ ಕುಂತು ಆಲಕ್ಕ ಬೇಡ್ಕೊಂಡೇನಿ. ಇದು ಸತ್ತರ ನಾ ಏನ ತಿಳ್ಕೋಬೇಕು?"

ಇದೇನು ಹುಚ್ಚು ಎಂದು ಬೈಯಬೇಕೆನಿಸಿತು. ಬಾಯಿ ತೆರೆದರೆ ವಾಂತಿಯಾಗುವಂತಿತ್ತು, ದೂರ ಹೋಗಿ ಗೋಡೆ ಹಿಡಿದು ನಿಂತೆ.

ಅವಳು ಬಾತ ಕಾಲನ್ನು ಮುಂದೆ ಚಾಚಿ ನೆಲದ ಮೇಲೆ ಕೂತಳು. ಸೆರಗು ಸೊಂಟಕ್ಕೆ ಸಿಗಿಸಿ, ಬರಿಗೈಯನ್ನೇ ಆ ರಾಡಿಯೊಳಗೆ ಇಟ್ಟಳು. ಹುಳಗಳನ್ನು ಆರಿಸಿ ಪಕ್ಕದ ನೀರೊಲೆಯ ಬೂದಿಯ ಮೇಲೆ ಹಾಕತೊಡಗಿದಳು. ನಡುನಡುವೆ ಓಕರಿಕೆ ಬಂದು ಮುಖ ಪಕ್ಕಕ್ಕೆ ತಿರುಗಿಸುವಳು, ಕಣ್ಣೀರು ಒರೆಸಲು ಕೈ ಸ್ವಚ್ಛ ಇಲ್ಲದೆ ಭುಜಕ್ಕೆ ಕೆನ್ನೆ ಉಜ್ಜಿಕೊಳ್ಳುವಳು, ಮತ್ತೆ ಕೈ ಹಾಕುವಳು. ನೋಡಲಾಗದೆ ನಾನು ಒಂದು ಚೊಂಬು ನೀರು ತಂದು ಅವಳ ಪಕ್ಕ ಕೂತೆ.

ಬೇರಿನ ಮೇಲೆ ನೀರು ಬಿಟ್ಟೆ. ಕೊಂಬೆ ಅಲುಗಿ ಒಂದು ಹಳದಿ ಎಲೆ ಉದುರಿತು. ಅವಳ ಕೈ ಅಲ್ಲೇ ನಿಂತಿತು. ತಟ್ಟನೆ ತಲೆ ಎತ್ತಿ ನನ್ನ ಮುಖವನ್ನು ದಿಟ್ಟಿಸಿ ನೋಡಿ, ಮೆಲ್ಲಗೆ ಕೇಳಿದಳು:

"ಎದಿ ಏನೂ ನೋಯಾಕತ್ತಿಲ್ಲಲ್ರಿ?"