ಬೆಳ್ಳುಳ್ಳಿ ವಾಸನೆಯ ಮೆಟ್ಟಿಲು

ಆವತ್ತು ನಾನು ಮಾಡಿದ ಕೆಲಸಗಳು ಇಷ್ಟು. ರಾತ್ರಿ ನೆನೆಹಾಕಿದ್ದ ಕಡಲೆಕಾಳು ಬಸಿದಿಟ್ಟೆ. ಮಗಳಿಗೆ ಎರಡು ಜಡೆ ಹಾಕಿ, ಲಂಚ್ ಡಬ್ಬಿಗೆ ಚಪಾತಿ ಸುತ್ತಿಕೊಟ್ಟೆ. ಇವರ ಷರ್ಟಿಗೆ ಇಸ್ತ್ರಿ ಹಾಕಿದೆ. ಕರಿಬೇವಿನ ಕುಂಡವನ್ನು ಗ್ಯಾರೇಜಿನಿಂದ ಬಿಸಿಲಿಗೆ ಎಳೆದಿಟ್ಟೆ. ಅತ್ತೆ ಕೇಳಿದರೆಂದು ಹಿತ್ತಲಲ್ಲಿ ಅಗೆದು ಒಂದು ತಟ್ಟೆ ಮಣ್ಣು ತಂದುಕೊಟ್ಟೆ. ವಿನಿಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಮೆಟ್ಟಿಲುಗಳನ್ನೆಲ್ಲ ಇನ್ನೊಂದು ಸಲ ಒರೆಸಿದೆ. ಆಮೇಲೆ, ಪ್ರತಿವರ್ಷ ಆ ದಿನ ಮಾಡುವ ಹಾಗೆ, ಬಟ್ಟೆ ಕ್ಲಾಸೆಟ್ಟಿನ ತಳದಲ್ಲಿದ್ದ ಸೂಟ್‌ಕೇಸು ತೆರೆದು ನನ್ನ ಪಟ್ಟದ ಗೊಂಬೆಗಳ ಗಂಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೆ.

ನವರಾತ್ರಿಯ ಮೊದಲನೇ ದಿನ ಅದು. ಎಂಬತ್ತರ ದಶಕದ ನಡುವಿನ ಮಾತು. ಆಗ ನಾವು ಸಾಂಟಾ ಕ್ಲಾರಾದಲ್ಲಿ ಒಂದು ಹಳೇ ಟೌನ್‌ಹೌಸು ಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ನಮ್ಮ ಮೈಸೂರಿನ ಕಡೆ ಮದುವೆಯಲ್ಲಿ ತಾಯಿ ಮಗಳಿಗೆ ರಾಜ-ರಾಣಿಯರ ಒಂದು ಜೊತೆ ಮರದ ಗೊಂಬೆ ಕೊಡುತ್ತಾಳೆ. ಆ ಜೋಡಿಯನ್ನು ಮುಂದಿಟ್ಟುಕೊಂಡು ಮಗಳು ತನ್ನ ಮನೆಯಲ್ಲಿ ದಸರಾ ಗೊಂಬೆ ಕೂರಿಸಲು ಶುರುಮಾಡಬೇಕು. ನಮ್ಮಮ್ಮನೂ ಕೊಟ್ಟಿದ್ದಳು. ಆದರೆ ನಾನು ಸೇರಿದ್ದು ಧಾರವಾಡದ ಮನೆ. ಮದುವೆಯಾದ ಮೊದಲನೇ ದಸರಾಕ್ಕೆ ಟ್ರಂಕಿನ ಮುಚ್ಚಳ ಎತ್ತಿ ಗಂಟಿಗೆ ಕೈ ಹಾಕಿದ್ದೆ, ಅಷ್ಟರಲ್ಲಿ ಅತ್ತೆ ಆ ಕಡೆ ಬಂದವರು, "ನಮ್ಮ ಮನ್ಯಾಗ ಗೊಂಬಿ ಇಡೂ ಪದ್ಧತಿ ಇಲ್ಲವಾ," ಅಂದರು. ಗದರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಹೇಳುವ ಹಾಗೆ ಹೇಳಿ ಹೋದರು. ನಾನು ಮುಚ್ಚಳ ಹಾಕಿದೆ.

ಅಮೆರಿಕಕ್ಕೆ ಬಂದ ಮೇಲೆ ಇವರು, "ಇಲ್ಲಿ ಯಾರು ಕೇಳ್ತಾರೆ, ಇಟ್ಕೋ," ಅಂತ ಎಷ್ಟೋ ಸಲ ಅಂದಿದ್ದುಂಟು. ನನಗೆ ಕೈ ಬರುತ್ತಿರಲಿಲ್ಲ. ಒಮ್ಮೆ ಕೂರಿಸಿದರೆ ವರ್ಷವರ್ಷವೂ ಕೂರಿಸಬೇಕು. ಆ ಮನೆಯ ಹಿರಿಯರ ಬಾಯಿಂದ ಒಂದು 'ಹೂಂ' ಬರದೆ ತೊಡಗುವ ಕೆಲಸ ಅಲ್ಲ ಅದು. ದಸರಾದಲ್ಲಿ ಊರಿಗೆ ಫೋನು ಮಾಡಿದರೆ ಅಮ್ಮ ಮೊದಲು "ಕೇಳಿಸ್ತಾ? ಕೇಳಿಸ್ತಾ?" ಅಂತ ಕೂಗಿ, ಆಮೇಲೆ, "ಗೊಂಬೆ ಕೂರಿಸಿದೆಯೇನೇ?" ಅನ್ನುತ್ತಿದ್ದಳು. "ಈ ವರ್ಷ ಆಗಲಿಲ್ಲಮ್ಮ," ಅನ್ನುತ್ತಿದ್ದೆ. ಆಮೇಲೊಂದು ವರ್ಷದಿಂದ ಕೇಳುವುದಕ್ಕೆ ಅಮ್ಮನೇ ಇರಲಿಲ್ಲ. ಗಂಟು ಹಾಗೇ ಉಳಿಯಿತು. ಅದರ ಗಂಟು ಹಾಕಿದ್ದೂ ಅಮ್ಮನ ಕೈಯೇ, ಅವಳ ಹಳೇ ಸೀರೆಯ ಸೆರಗಿನಲ್ಲಿ. ಪ್ರತಿವರ್ಷ ತೆಗೆಯುತ್ತಿದ್ದೆ, ಮೇಲಿಂದಲೇ ಒತ್ತಿ ರಾಣಿ ಯಾವುದು ರಾಜ ಯಾವುದು ಅಂತ ನೋಡುತ್ತಿದ್ದೆ, ಬಿಚ್ಚದೆ ಒಳಗಿಡುತ್ತಿದ್ದೆ.

ಆ ವರ್ಷ ಅತ್ತೆ ನಮ್ಮ ಜೊತೆಗಿದ್ದರು. ದೀಪಾವಳಿ ಮುಗಿಸಿ ಧಾರವಾಡಕ್ಕೆ ಹೊರಡುವವರು. ಮತ್ತೆ ವಿಮಾನ ಹತ್ತುವುದಿಲ್ಲ ಅಂತ ಆಗಲೇ ಹೇಳಿಬಿಟ್ಟಿದ್ದರು. ಕೇಳುವುದಿದ್ದರೆ ಆ ನವರಾತ್ರಿಯಲ್ಲೇ ಕೇಳಬೇಕು. ಆದರೆ ಮಧ್ಯೆ ಈ ಮೆಟ್ಟಿಲುಗಳ ಗಲಾಟೆ ಬಂತು.

ನಮ್ಮ ಮನೆಯ ಮೆಟ್ಟಿಲಿಗೆ ಸಾಸಿವೆ ಗೊಜ್ಜಿನ ಬಣ್ಣದ, ಉದ್ದ ಕೂದಲಿನ ಕಾರ್ಪೆಟ್ಟು ಹಾಸಿತ್ತು. ಹಿಂದಿನವರ ಬೆಕ್ಕು ಅಂಚುಗಳನ್ನೆಲ್ಲ ಕೆರೆದಿತ್ತು. ಬಚ್ಚಲು ಮೇಲೆ, ದೇವರು ಕೆಳಗೆ ಅಡುಗೆಮನೆಯ ಕಪಾಟಿನಲ್ಲಿ. ಅತ್ತೆ ಮಿಂದು ಮಡಿ ಉಟ್ಟು ಇಳಿಯುವಾಗ ಸೀರೆ ಎತ್ತಿ ಹಿಡಿದು ಹೆಬ್ಬೆರಳ ತುದಿಯಲ್ಲಿ ಬರುತ್ತಿದ್ದರು. "ತೊಳೀಲಿಕ್ಕೆ ಬರದ ನೆಲ ಎಂಥಾ ನೆಲ? ಯಾರ್‍ಯಾರ ಕಾಲಧೂಳಿ ಕುಡದು ಕೂತದೋ!" ಹೀಗೇ ಒಂದು ದಿನ ಸಡಿಲ ಅಂಚಿಗೆ ಕಾಲು ಸಿಕ್ಕಿ ಜಾರಿ, ಕೆಳಗಿನ ಮೆಟ್ಟಿಲಿನ ಮೇಲೆ ಧಪ್ಪನೆ ಕೂತರು. ನಾನು ಓಡಿದೆ. "ಏನಾಗಿಲ್ಲ. ಮಡಿ ಹೋತು, ಅಷ್ಟೇ," ಅಂದು ಮತ್ತೆ ಸ್ನಾನಕ್ಕೆ ಮೇಲೆ ಹೋದರು.

ಸಂಜೆ ಇವರು ಮರದ ಮೆಟ್ಟಿಲು ಹಾಕಿಸುವ ರೇಟು ವಿಚಾರಿಸಿ, ಫೋನು ಇಟ್ಟು, ಲಕೋಟೆಯ ಹಿಂದೆ ಲೆಕ್ಕ ಹಾಕಿದರು. ಇವರ ಚಿಪ್ ಕಂಪನಿಯಲ್ಲಿ ಆ ವರ್ಷ ಯಾರಿಗೂ ಸಂಬಳ ಏರಿರಲಿಲ್ಲ. "ನಾವೇ ಮಾಡೋಣ ಬಿಡು," ಅಂದರು.

ಶನಿವಾರ ಮೇಲಿನಿಂದ ಕಾರ್ಪೆಟ್ಟು ಕೀಳುತ್ತಾ ಬಂದರು. ಅದರಡಿಯ ಸ್ಪಂಜು ಕಡಲೆಹಿಟ್ಟಿನ ಹಾಗೆ ಉದುರಿತು. ಮೂಲೆಮೂಲೆಗೆ ಮೊಳೆ ಹೊಡೆದ ಪಟ್ಟಿಗಳು. ಅವನ್ನು ಇವರು ಎಬ್ಬಿಸಿದರು. ಹುಲ್ಲಿನ ಹಾಗೆ ಬೆಳೆದಿದ್ದ ಸ್ಟೇಪಲ್ ಪಿನ್ನುಗಳು ನನ್ನ ಪಾಲಿಗೆ ಬಂದವು. ಒಂದೊಂದೇ ಮೆಟ್ಟಿಲಿನ ಮೇಲೆ ಕೂತು ಇಕ್ಕಳದಲ್ಲಿ ಕಿತ್ತು ಕಾಫಿ ಡಬ್ಬಿಗೆ ಹಾಕುತ್ತಾ ಇಳಿದೆ. ಒಳಗಿನ ಮರವೋ ಒರಟು, ತೋರಿಸುವಂಥದ್ದಲ್ಲ. ಅದರ ಮೇಲೆ ಬೇರೆ ಹಲಗೆ ಕೂರಿಸಬೇಕು. ಒಂದರ ಅಳತೆ ಇನ್ನೊಂದಕ್ಕೆ ಇರಲಿಲ್ಲವಾದ್ದರಿಂದ ಇವರು ರಟ್ಟು ಕತ್ತರಿಸಿ ಪ್ರತಿ ಮೆಟ್ಟಿಲಿಗೂ ಬೇರೆ ಬೇರೆ ನಮೂನೆ ಮಾಡಿಕೊಂಡರು, ದರ್ಜಿ ಅಳತೆ ತೆಗೆದುಕೊಂಡ ಹಾಗೆ.

ಹಲಗೆ ಎಲ್ಲಿಂದ ತರುವುದು? ಗಿಲ್‌ರಾಯ್ ಕಡೆ ಒಂದು ಹಳೇ ಕೊಟ್ಟಿಗೆ ಕೆಡವುತ್ತಿದ್ದಾರೆ, ದಪ್ಪ ಹಲಗೆ, ಅಗ್ಗ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ನಾವಿಬ್ಬರೂ ಹೋದೆವು. ಊರು ಇನ್ನೂ ಮೈಲಿಗಟ್ಟಲೆ ದೂರ ಇರುವಾಗಲೇ ಫ್ರೀವೇ ಮೇಲೆ ಬೆಳ್ಳುಳ್ಳಿ ವಾಸನೆ ಕಾರಿನೊಳಗೆ ಬಂತು. ಆ ಊರಿನ ಗಾಳಿ, ಅಂಗಡಿ, ಪೆಟ್ರೋಲ್ ಬಂಕು, ಎಲ್ಲ ಬೆಳ್ಳುಳ್ಳಿಯೇ. ಅಲ್ಲಿ ನಿಂತು ಹಲಗೆ ತಟ್ಟಿ ನೋಡಿದೆವು, ಬೆಳಕಿಗೆ ಹಿಡಿದು ಸೊಟ್ಟ ಇದೆಯಾ ನೋಡಿದೆವು, ಗೆದ್ದಲು ಇದೆಯಾ ನೋಡಿದೆವು. ಮೂಸಿ ನೋಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸ್ಟೇಷನ್ ವ್ಯಾಗನ್ ತಲೆಯ ಮೇಲೆ ಹಗ್ಗ ಬಿಗಿದು ಹೊರಟೆವು. ಸ್ಯಾನ್ ಹೋಸೆ ದಾಟಿದರೂ ವಾಸನೆ ಹಾಗೇ. "ಇದೇನು, ನಾವಿನ್ನೂ ಗಿಲ್‌ರಾಯ್‌ನಲ್ಲೇ ಇದ್ದೀವಾ?" ಅಂದರು ಇವರು. ಮನೆಗೆ ಬಂದು ಹಗ್ಗ ಬಿಚ್ಚಿದಾಗ ಗೊತ್ತಾಯಿತು, ಅದು ಬೆಳ್ಳುಳ್ಳಿ ಒಣಗಿಸುತ್ತಿದ್ದ ಕೊಟ್ಟಿಗೆ.

ನಮ್ಮದು ಈರುಳ್ಳಿಯನ್ನೂ ಹಬ್ಬಹರಿದಿನ ನೋಡಿ ತಿನ್ನುವ ಮನೆ. ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ. ಅತ್ತೆ ಮೂಗಿಗೆ ಸೆರಗು ಹಿಡಿದು ಗ್ಯಾರೇಜಿನ ಬಾಗಿಲಿಗೆ ಬಂದರು.

"ಏನೋ ಇದು?"

"ಹಲಗಿ ಅವ್ವಾ. ಮೆಟ್ಟಿಲಿಗೆ. ನಿನ್ನ ಸಲುವಾಗೇ."

"ಹಲಗಿಗೆ ಒಗ್ಗರಣಿ ಯಾರು ಹಾಕಿದ್ರು?"

ದುಡ್ಡು ಕೊಟ್ಟಾಗಿತ್ತು, ವಾಪಸು ಹೋಗುವ ಹಾಗಿರಲಿಲ್ಲ. ಉಜ್ಜಿದರೆ ಹೋಗುತ್ತದೆ ಅಂತ ಇವರು ಬಾಡಿಗೆ ಯಂತ್ರ ತಂದು ಎರಡು ಶನಿವಾರ ಉಜ್ಜಿದರು. ಬೂದಿ ಬಣ್ಣ ಹೋಗಿ ಒಳಗಿಂದ ಜೋನಿಬೆಲ್ಲದ ಬಣ್ಣ ಬಂತು. ಅಂಟು ಹಾಕಿ, ಸ್ಕ್ರೂ ಬಿಗಿದು, ಮೆಟ್ಟಿಲುಗಳ ಎದೆಗೆ, ಅಂದರೆ ನೆಟ್ಟಗೆ ನಿಂತ ಭಾಗಕ್ಕೆ, ಗ್ಯಾರೇಜಿನಲ್ಲಿ ಉಳಿದಿದ್ದ ಬಿಳಿ ಬಣ್ಣ ಬಳಿದೆವು. ಓಡಾಟ ನಿಲ್ಲಬಾರದೆಂದು ವಾರ್ನಿಷನ್ನು ಒಂದು ಬಿಟ್ಟು ಒಂದಕ್ಕೆ ಹಚ್ಚಿದರು. "ನಾ ಏನು ಕಪ್ಪಿ ಏನೋ, ಜಿಗೀಲಿಕ್ಕೆ?" ಅಂತ ಅತ್ತೆ ಮೇಲೇ ಕೂತರು, ಅವರ ಊಟ ಎರಡು ದಿನ ನಾನೇ ಹಾರಿಕೊಂಡು ಒಯ್ದೆ.

ಮುಗಿದಾಗ ಮೆಟ್ಟಿಲು ಚೆಂದವಿತ್ತು. ಬರಿಗಾಲಿಗೆ ತಣ್ಣಗೆ, ಗಟ್ಟಿಯಾಗಿ ಸಿಗುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಬಹುದಿತ್ತು. "ತೊಳದರ ತೊಳಿಸಿಕೊಳ್ತದ, ಅದೊಂದು ಪುಣ್ಯ," ಅಂದರು ಅತ್ತೆ. ಆದರೆ ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದು ಹಲಗೆ ಕಾದರೆ ವಾಸನೆ ಏಳುತ್ತಿತ್ತು. "ಎರಡು ಹೊಡೀತು ನೋಡು, ಪಾಂವಟಿಗಿ ಅಡಿಗಿ ಶುರು ಮಾಡಿದ್ವು," ಅನ್ನುವರು; ಪಾಂವಟಿಗಿ ಅಂದರೆ ಅವರ ಮಾತಿನಲ್ಲಿ ಮೆಟ್ಟಿಲು. ನಿಂಬೆಹಣ್ಣು ಉಜ್ಜಿದೆ, ಅಡುಗೆ ಸೋಡಾ ಉದುರಿಸಿದೆ, ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಿಂದ ಸಾಂಬ್ರಾಣಿ ತಂದು ಹೊಗೆ ಹಾಕಿದೆ. ಮಗಳು ಸ್ಕೂಲಿಂದ ಬಂದವಳು ಬಾಗಿಲಲ್ಲೇ, "ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಪೀಟ್ಜಾ ಇನ್ ಎ ಟೆಂಪಲ್," ಅಂದಳು.

ಕೊನೆಯ ವಾರ್ನಿಷ್ ಒಣಗಿದ ದಿನ ಬಾಗಿಲ ಬಳಿ ನಿಂತು ಮೇಲೆ ನೋಡಿದವಳು ಹಾಗೇ ನಿಂತುಬಿಟ್ಟಿದ್ದೆ. ಒಂದರ ಮೇಲೊಂದು, ಬಿಳಿ ಎದೆ, ಕಂದು ಹಲಗೆ, ಬಿಳಿ ಎದೆ, ಕಂದು ಹಲಗೆ. ಅಮ್ಮ ನಡುಮನೆಯಲ್ಲಿ ಬೆಂಚು ಜೋಡಿಸಿ, ಅಪ್ಪನ ಪಂಚೆ ಹಾಸಿ ಕಟ್ಟುತ್ತಿದ್ದ ಗೊಂಬೆ ಹಂತಗಳೇ ಎದುರಿಗೆ ಬಂದು ನಿಂತ ಹಾಗಿತ್ತು. ಇನ್ನು ಗೊಂಬೆ ಒಂದೇ ಬಾಕಿ.

ಆಮೇಲೆ ಕೇಳಬೇಕೆಂದು ಎಷ್ಟು ಸಲ ಹೋದೆನೋ. "ಅತ್ತೆ, ಒಂದು ಮಾತು..." "ಏನವಾ?" "ಸಾರಿಗೆ ಉಪ್ಪು ಸಾಕಾ?" ಪದ್ಧತಿ ಇಲ್ಲದ ಮನೆಯಲ್ಲಿ, ಅದೂ ಬೆಳ್ಳುಳ್ಳಿ ನಾರುವ ಮೆಟ್ಟಿಲ ಮೇಲೆ, ರಾಜ-ರಾಣಿಯರನ್ನು ಕೂರಿಸಲಾ ಅಂತ ಯಾವ ಬಾಯಲ್ಲಿ ಕೇಳಲಿ?

ಹಾಗೆ ಬಂತು ನವರಾತ್ರಿ. ಬೆಳಿಗ್ಗೆ ಅತ್ತೆ ತಮ್ಮ ಮನೆಯ ಕ್ರಮದಂತೆ ತಟ್ಟೆಯಲ್ಲಿ ಮಣ್ಣು ಹರಡಿ ಕಾಳು ಬಿತ್ತಿ, ಕಲಶ ಇಟ್ಟು, ಒಂಬತ್ತು ದಿನ ಆರದ ದೀಪ ಹಚ್ಚಿದರು. ಮಣ್ಣನ್ನು ಬೆರಳಲ್ಲಿ ಹಿಚುಕಿ, "ಇದು ನಮ್ಮ ಎರಿ ಮಣ್ಣ ಇದ್ದಂಗ ಅದ ಅಲ್ಲ?" ಅಂದರು. ನಿಜ, ನಮ್ಮ ಹಿತ್ತಲಿನದು ಕರೀ ಜಿಗುಟು ಮಣ್ಣು. ಚಪ್ಪಲಿಗೆ ಅಂಟಿದರೆ ಬಿಡದು. ಊಟವಾಗಿ ಅವರು ಮೇಲೆ ಮಲಗಲು ಹೋದರು. ಇವರು ಆಫೀಸಲ್ಲಿ, ಮಗಳು ಸ್ಕೂಲಲ್ಲಿ. ನಾನು ಮೆಟ್ಟಿಲ ಮೇಲೆ ಗಂಟು ಹಿಡಿದು ಕೂತಿದ್ದೆ.

ಅದು ಹೇಗೆ ಬಿಚ್ಚಿದೆನೋ. ಅಮ್ಮ ಹಾಕಿದ ಗಂಟು ಬಿಗಿಯಾಗಿತ್ತು, ಹಲ್ಲಲ್ಲಿ ಕಚ್ಚಿ ಸಡಿಲಿಸಿದೆ. ಸೀರೆಯಲ್ಲಿ ಇನ್ನೂ ನಮ್ಮ ಬೀರುವಿನ ವಾಸನೆ ಇತ್ತು, ಒಂದು ಉಸಿರು ಎಳೆದುಕೊಳ್ಳುವಷ್ಟು, ಆಮೇಲೆ ಹೋಯಿತು. ರಾಣಿಗೆ ಅಮ್ಮ ತೊಡಿಸಿದ್ದ ಜರಿ ಕಪ್ಪಾಗಿತ್ತು. ರಾಜನ ಪೇಟದ ಮಣಿ ಉದುರಿತ್ತು. ನೋಡುವುದಕ್ಕೆ ಮಾತ್ರ ಅಂದುಕೊಂಡು, ಇಬ್ಬರನ್ನೂ ನಡುವಿನ ಒಂದು ಮೆಟ್ಟಿಲಿನ ಮೇಲೆ ನಿಲ್ಲಿಸಿ ಕೆಳಗೆ ಬಂದು ನೋಡಿದೆ. ಅಲುಗದೆ ನಿಂತಿದ್ದರು.

"ಯಾರವಾ ಇವರು?"

ಮೇಲಿನ ಮೆಟ್ಟಿಲಲ್ಲಿ ಅತ್ತೆ. ಕನ್ನಡಕ ಇರಲಿಲ್ಲ.

"ಪಟ್ಟದ ಗೊಂಬೆ ಅತ್ತೆ. ನಮ್ಮಮ್ಮ ಮದುವೇಲಿ ಕೊಟ್ಟಿದ್ದು."

"ಅಂದಿನಿಂದ ಎಲ್ಲಿದ್ವು?"

"ಸೂಟ್‌ಕೇಸಲ್ಲಿ."

ಅವರು ಒಂದು ಮೆಟ್ಟಿಲು ಇಳಿದು ನಿಂತರು. "ಬದೀಗೆ ಸರಸು. ನಾ ಇಳೀಬೇಕು," ಅಂದರು.

ನಾನು ಹತ್ತಿಹೋಗಿ ಗೊಂಬೆ ತೆಗೆದು ಸೀರೆಯಲ್ಲಿ ಸುತ್ತತೊಡಗಿದೆ. ಮುಖ ಮೇಲೆತ್ತಲಿಲ್ಲ.

"ಏ ಹುಡುಗಿ, ಸರಸು ಅಂದೆ. ಕಟ್ಟಿಡು ಅಂದೆನೇನು?"

ಗೋಡೆಯ ಬದಿಗೆ ಸರಿಸಿ ನಿಲ್ಲಿಸಿದೆ. ಅತ್ತೆ ಕಂಬಿ ಹಿಡಿದು ಇಳಿದು ಬಂದು ರಾಣಿಯ ಪಕ್ಕದಲ್ಲೇ ಕೂತರು. ಬಿಸಿಲು ಹಲಗೆಯ ಮೇಲಿತ್ತು, ವಾಸನೆ ಎದ್ದಿತ್ತು. ಅದರ ಸುದ್ದಿ ಎತ್ತಲಿಲ್ಲ. ರಾಣಿಯ ಸೆರಗು ಮುಟ್ಟಿ ನೋಡಿ ಹೇಳಿದರು:

"ಸಣ್ಣಾಕಿ ಇದ್ದಾಗ ಆಷಾಢದಾಗ ಮಂಗಳವಾರಕ್ಕೊಮ್ಮೆ ಗುಳ್ಳವ್ವ ಅಂತ ಮಣ್ಣಿನ ದೇವಿನ್ನ ಮಾಡ್ತಿದ್ವಿ. ಎರಿ ಮಣ್ಣು ತಂದು ಕಲಸಿ, ಗುಲಗಂಜಿ ಚುಚ್ಚಿ ಕಣ್ಣು ಮಾಡಿ. ಕಟ್ಟಿಗಿ ಮಣಿ ಮ್ಯಾಲೆ ಕೂಡಿಸಿಕೊಂಡು ಹಾಡಿಕೋತ ಮನಿ ಮನಿ ತಿರಗತಿದ್ವಿ."

"ಆಮೇಲೆ?"

"ಆಮ್ಯಾಲೇನು. ಮದಿವಿ ಆತು. ಓಣಿ ಹುಡುಗ್ಯಾರು ಗುಳ್ಳವ್ವನ ತಂದಾಗ ನಾನೂ ಮಣ್ಣು ಕಲಸ್ಲೇನು ಅಂತ ಕೇಳಿದೆ. ನಮ್ಮತ್ತಿ ಅಂದ್ರು, ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ." ನನ್ನ ಕಡೆ ತಿರುಗಿದರು. "ನಾ ನಿನಗ ಹಂಗ ಅಂದಿದ್ದೆನೇನು?"

"ಅಂದಿದ್ರಿ. ಮೊದಲನೇ ದಸರಾಕ್ಕೆ."

"ಅಂದಿರಬೇಕು. ನೆನಪಿಲ್ಲ ನನಗ." ಮಂಡಿಗೆ ಕೈಯೂರಿ ಎದ್ದರು. "ಬೆಳಿಗ್ಗಿ ಮಣ್ಣು ಉಳದದಲ್ಲ, ತಾ."

ಅಡುಗೆಮನೆಯ ನೆಲದ ಮೇಲೆ ಕೂತು ಮಣ್ಣು ಕಲಸಿದರು. ಅವರ ಬೆರಳಿಗೆ ಯಾವುದೂ ಮರೆತಿರಲಿಲ್ಲ. ಅಂಗೈಯಷ್ಟು ಎತ್ತರದ ಒಬ್ಬ ದುಂಡನೆ ಹೆಣ್ಣು ಎದ್ದು ಬಂದಳು. ಗುಲಗಂಜಿ ಎಲ್ಲಿ ಸಿಗಬೇಕು, ಎರಡು ಮೆಣಸಿನಕಾಳು ಕೊಟ್ಟೆ. "ಇದು ಆಷಾಢ ಅಲ್ಲ, ಇರಲಿ. ಗುಳ್ಳವ್ವ ಸಿಟ್ಟಾಗಾಕಿ ಅಲ್ಲ," ಅನ್ನುತ್ತಾ ಕಣ್ಣು ಒತ್ತಿದರು. ತಾವೇ ಒಯ್ದು ರಾಜ-ರಾಣಿಯರ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಹೇಳಿದರು, "ನಿನ್ನ ಮೈಸೂರು ಮಹಾರಾಜಗ ಹ್ಯಾಂಗೋ ಗೊತ್ತಿಲ್ಲವಾ. ನಮ್ಮ ಗುಳ್ಳವ್ವಗಂತೂ ಬಳ್ಳೊಳ್ಳಿ ನಡೀತದ."

ನಾನು ನಕ್ಕೆ. ನಗುತ್ತಾ ನಗುತ್ತಾ ಅಮ್ಮನ ಸೀರೆಯಲ್ಲಿ ಮುಖ ಒರೆಸಿಕೊಂಡೆ. ಅತ್ತೆ ಕೈ ತೊಳೆಯುವುದಕ್ಕೆ ಹೋದರು.

ಮಗಳು ಬಂದವಳು ರಾಣಿಯನ್ನು ನೋಡಲಿಲ್ಲ, ನೇರ ಮಣ್ಣಿನವಳ ಮುಂದೆ ಕೂತಳು. "ಹೂ ಈಸ್ ಶೀ, ಅಜ್ಜಿ?" ಆಮೇಲೆ ತನ್ನ ಪ್ಲಾಸ್ಟಿಕ್ ಕುದುರೆಯನ್ನು ತಂದು ಪಕ್ಕಕ್ಕಿಟ್ಟಳು. ಸಂಜೆ ಇವರು ಬ್ರೀಫ್‌ಕೇಸು ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತರು. ಅವರ ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು.

"ನಾನು ಮೇಲೆ ಹ್ಯಾಂಗ ಹೋಗಲಿ?"

"ಕಂಬಿ ಹಿಡಕೊಂಡು, ಸಾವಕಾಶ," ಅಂದರು ಅತ್ತೆ. "ರಾಜಾ ಕೂತಾನ, ಕಾಣಸೂದಿಲ್ಲೇನು? ಇನ್ನ ಮ್ಯಾಲೆ ವರ್ಷಾ ವರ್ಷಾ ಕೂಡತಾನ."

ಅದೇ ನಾನು ಇಷ್ಟು ವರ್ಷ ಕಾದ ಹೂಂ. ಆರತಿ ಎತ್ತುವಾಗ ನನ್ನ ಕಣ್ಣೆಲ್ಲ ಫೋನಿನ ಕಡೆಗಿತ್ತು. ದಸರಾದ ಸಂಜೆ, ಊರಿಗೆ ಫೋನು ಮಾಡುವ ಹೊತ್ತು. ಕೂರಿಸಿದೆ ಕಣಮ್ಮ, ಅಂತ ಹೇಳುವುದಕ್ಕೆ ಇಡೀ ಮೈಸೂರಿನಲ್ಲಿ ಒಂದು ನಂಬರೂ ಇರಲಿಲ್ಲ.

ಊಟಕ್ಕೆ ಹೆಸರುಬೇಳೆ ಕೋಸಂಬರಿ, ನಿಂಬೆಹಣ್ಣಿನ ಸಾರು, ಅತ್ತೆ ಮಾಡಿದ ಹಯಗ್ರೀವ. ಗೊಂಬೆಗಳ ಮುಂದೆ ಇಟ್ಟು ತೆಗೆದ ಕಡಲೆ ಉಸಲಿಯನ್ನು ಮಗಳು ಎರಡು ಸಲ ಹಾಕಿಸಿಕೊಂಡಳು. ದೀಪ ಕಾಯುತ್ತೇನೆ, ನೀವೆಲ್ಲ ಮಲಗಿ ಅಂದು ಅತ್ತೆ ದೇವರ ಎದುರಿಗೇ ಚಾಪೆ ಹಾಸಿಕೊಂಡರು. ಮೊದಲು ನಿದ್ದೆ ಹೋದವರು ಅವರೇ. ಉಗುರಿನಲ್ಲಿ ಇನ್ನೂ ಮಣ್ಣಿತ್ತು. ದೀಪಕ್ಕೆ ಎಣ್ಣೆ ಹಾಕಿದ್ದು ನಾನು.