ನಿಮ್ಮಿಟ್ಟು

ಆಗ ನಾವು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದೆವು. ಅಪ್ಪನಿಗೆ ಹಾಸನದಿಂದ ಅಲ್ಲಿನ ಬ್ಯಾಂಕಿಗೆ ವರ್ಗವಾಗಿತ್ತು. ಬೇಸಿಗೆಯ ಸಂಜೆ ಕಡಲ ಗಾಳಿಯ ಜೊತೆ ಪಕ್ಕದ ಮನೆಯ ಆವಕಾಯಿ ಉಪ್ಪಿನಕಾಯಿಯ ಘಮವೂ ತೇಲಿ ಬರುತ್ತಿತ್ತು. ಅಮ್ಮ ಓಡಿ ಬಂದು ಕಿಟಕಿ ಮುಚ್ಚುತ್ತಿದ್ದಳು. ಆರು ವರ್ಷದ ನನ್ನ ತಮ್ಮ ಸುಧಿಗೆ ಕಿಡ್ನಿ ಕಾಯಿಲೆ. ಮುಖವೆಲ್ಲ ಊದಿಕೊಂಡಿತ್ತು. ಉಪ್ಪು ಕೂಡದೆಂದು ಡಾಕ್ಟರು ಹೇಳಿದ್ದರು.

ಸಪ್ಪೆ ಊಟ ಅವನಿಗೆ ಸೇರುತ್ತಿರಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ತಿಂಡಿಗಳ ಹೆಸರು ಹುಟ್ಟಿದ ಕತೆ ಹೇಳಿ ತಿನ್ನಿಸುತ್ತಿದ್ದರು. ಪೆಸಲು ಅಂದರೆ ಹೆಸರುಕಾಳು, ಅಟ್ಟು ಅಂದರೆ ದೋಸೆ, ಸೇರಿದರೆ ಪೆಸರಟ್ಟು. ಒಂದು ಬೆಳಿಗ್ಗೆ ಅದೇ ಹುಮ್ಮಸ್ಸಿನಲ್ಲಿ, "ಉಪ್ಪು, ಹಿಟ್ಟು ಸೇರಿ ಉಪ್ಪಿಟ್ಟು ಆಯ್ತು ಕಣೋ" ಎಂದುಬಿಟ್ಟರು.

ಸುಧಿ ತಟ್ಟೆ ತಳ್ಳಿದ. "ಇದರಲ್ಲಿ ಉಪ್ಪೇ ಇಲ್ಲ. ಇದು ಉಪ್ಪಿಟ್ಟು ಕಾದು!"

ಅವನ ಸಿಟ್ಟಿನ ಮಾತೆಲ್ಲ ತೆಲುಗಿನಲ್ಲೇ ಮುಗಿಯುತ್ತಿತ್ತು. "ಕಾದು" ಅಂದರೆ ಅಲ್ಲ.

"ಏನ್ರೀ, ಅದನ್ನ ಈಗ್ಲೇ ಹೇಳ್ಬೇಕಿತ್ತಾ?" ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು.

ನನಗೆ ಏನು ಹೊಳೆಯಿತೋ, "ಹಂಗಾದ್ರೆ ಇದಕ್ಕೆ ನೀನೇ ಬೇರೆ ಹೆಸರಿಡು. ಆದ್ರೆ ತಿಂದು ನೋಡಿ ಇಡ್ಬೇಕು" ಎಂದೆ.

ಅವನು ಅನುಮಾನದಿಂದ ಒಂದು ತುತ್ತು ತಿಂದ. ನಿಂಬೆಹಣ್ಣು ಕೇಳಿದ. ತಾನೇ ಹಿಂಡಿ ಇನ್ನೊಂದು ತುತ್ತು ತಿಂದ. ತೆಲುಗಿನಲ್ಲಿ ನಿಂಬೆಗೆ ನಿಮ್ಮ ಅನ್ನುತ್ತಾರೆ. "ನಿಮ್ಮಿಟ್ಟು!" ಎಂದು ಕೂಗಿದ.

"ನಿಮ್ಮಿಟ್ಟಾ? ನಮ್ಮದಲ್ವೇನೋ?" ಎಂದರು ಅಪ್ಪ. ಎಷ್ಟೋ ದಿನದ ಮೇಲೆ ಅಮ್ಮ ನಕ್ಕಳು.

ಅಂದಿನಿಂದ ಮನೆಯವರೆಲ್ಲ ಸಪ್ಪೆಯನ್ನೇ ಉಂಡೆವು. ಬೀಟ್ರೂಟ್ ಅನ್ನಕ್ಕೆ ಅವನು ಎರ್ರನ್ನ ಎಂದು ಹೆಸರಿಟ್ಟ, ಕೆಂಪನ್ನ ಅಂತ. ಮುಖದ ಊತ ಇಳಿಯಿತು. ಸಂಜೆ ನನ್ನ ಜೊತೆ ಮನೆ ಮುಂದೆ ಕುಂಟಾಬಿಲ್ಲೆ ಆಡಿದ. ಹುಷಾರಾದನೆಂದೇ ನಾವು ನಂಬಿದ್ದೆವು.

ಮಳೆಗಾಲ ಶುರುವಾಗುವಾಗ ಜ್ವರ ಬಂತು, ಇಳಿಯಲಿಲ್ಲ. ಮಕ್ಕಳ ಕಿಡ್ನಿ ನೋಡುವ ಡಾಕ್ಟರೊಬ್ಬರು ವಿಜಯವಾಡದಲ್ಲಿದ್ದಾರೆಂದು ಯಾರೋ ಹೇಳಿದರು. ರೈಲಿನಲ್ಲಿ ಅವನು ಅಮ್ಮನ ತೊಡೆಯ ಮೇಲೆ ಮಲಗಿಯೇ ಬಂದ. ಆಸ್ಪತ್ರೆಯಲ್ಲಿ ತಿಳಿಯಾದ, ಬೂದುಬಣ್ಣದ ಗಂಜಿ ಕೊಟ್ಟರು. ಚಮಚ ಬಾಯಿಯ ಹತ್ತಿರ ಹಿಡಿದು, "ಇದಕ್ಕೇನು ಹೆಸರು, ಸುಧಿ?" ಎಂದೆ.

ಅವನು ಬಹಳ ಹೊತ್ತು ಯೋಚಿಸಿದ. "ರೇಪು ಚೆಪ್ತಾನು, ಅಕ್ಕಾ" ಎಂದ. ನಾಳೆ ಹೇಳ್ತೀನಿ ಅಂತ.

ಮರುದಿನ ಮಧ್ಯಾಹ್ನ ಅವನು ಹೋಗಿಬಿಟ್ಟ.

ಅಪ್ಪ ಕೇಳಿಕೊಂಡು ಹಾಸನಕ್ಕೆ ವರ್ಗ ಮಾಡಿಸಿಕೊಂಡರು. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮಾತನ್ನು ನಾನು ಆಡುತ್ತಿದ್ದದ್ದು ಅವನೊಬ್ಬನ ಜೊತೆಗೆ. ಅದನ್ನು ಕೇಳುವವರು ಇಲ್ಲದೆ ನನ್ನ ನಾಲಿಗೆಯಿಂದಲೂ ತೆಲುಗು ಹೋಯಿತು. ಈಗಲೂ ಅವನು ಕನಸಿನಲ್ಲಿ ಬಂದು ಏನೋ ಹೇಳುತ್ತಾನೆ. ನನಗೆ ಅರ್ಧ ಮಾತ್ರ ಅರ್ಥವಾಗುತ್ತದೆ.