ಡೆಕ್ಕಿನ ಕೆಳಗಿನ ಬಾಣಂತಿ

ಎರಡು ಸಾವಿರನೇ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಭೂತ ಹಿಡಿದು, ಕಡಲಾಚೆಯ ನಮ್ಮ ಊರು ಕೆಂಡಲ್ ಪಾರ್ಕಿನ ಗಂಡಸರೆಲ್ಲ ಆಫೀಸಿನಲ್ಲೇ ಬಿದ್ದುಕೊಂಡಿದ್ದ ವರ್ಷ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಳು. ಬಂದ ವಾರದಲ್ಲೇ ನಮ್ಮ ಮನೆಯ ಹಿಂದಿನ ಮರದ ಜಗಲಿ, ಡೆಕ್ಕಿನ ಕೆಳಗೆ ಇನ್ನೊಬ್ಬ ಬಾಣಂತಿಯನ್ನು ಕಂಡುಹಿಡಿದಳು. ಯಾರೂ ಸಾಕದ ಬೂದು ಬೆಕ್ಕು, ಜೊತೆಗೆ ಕಣ್ಣು ಬಿಡದ ಮರಿಗಳು. ನನಗೆ ಹೊಟ್ಟೆ ತುಂಬ ನೀರು ಕುಡಿಯಲೂ ಬಿಡದವಳು ಅದಕ್ಕೆ ತಟ್ಟೆ ತುಂಬ ಹಾಲನ್ನ ಕಲಸಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಲನ್ನ ತಿಂದ ಮೇಲೂ ಆ ಮಹಾರಾಯ್ತಿ ಹಿತ್ತಲಿನ ರಾಬಿನ್ ಹಕ್ಕಿಗಳನ್ನು ಬಿಡುತ್ತಿರಲಿಲ್ಲ. ಇಂಥ ಬೀದಿಬೆಕ್ಕುಗಳಿಗೆ ವರ್ಷ ವರ್ಷ ಮರಿ, ಆ ಮರಿಗಳಿಗೆ ಮರಿ. ಕೊನೆಗೆ ನಮ್ಮ ಕಾಲೊನಿಯ ಅಸೋಸಿಯೇಷನ್‌ನವರು ಬೆಕ್ಕುಗಳನ್ನು ಹಿಡಿದು ಸಾಯಿಸಲು ಆಳು ಗೊತ್ತುಮಾಡಿದರು. ಸೋಮವಾರ ಬರುತ್ತಾರೆಂದು ಸುದ್ದಿ. ಎದುರು ಮನೆಯ ಧಾರವಾಡದ ಆಂಟಿ ಪ್ರಾಣಿಗಳ ಡಾಕ್ಟರು. ಮರಿಯಾಗದಂತೆ ತಡೆಯುವ ಲಸಿಕೆಯೊಂದರ ಪ್ರಯೋಗದಲ್ಲಿದ್ದರು. ಆ ಲಸಿಕೆ ಬಿದ್ದ ಬೆಕ್ಕನ್ನು ಮುಟ್ಟುವುದಿಲ್ಲವೆಂದು ಅಸೋಸಿಯೇಷನ್ ಒಪ್ಪಿತ್ತು.

ಆಂಟಿ ಬೋನಿನಲ್ಲಿ ಮೀನಿಟ್ಟರು. ಬೆಕ್ಕು ಮೂಸಿಯೂ ನೋಡದೆ ಅಮ್ಮನ ತಟ್ಟೆಗೆ ಕಾದು ಕೂತಿತು.

"ಅಮ್ಮಾರ, ನೀವ ಅನ್ನ ಇಡ್ರಿ. ನಿಮ್ಮ ಕೈಯಾಂದಾದ್ರ ತಿಂತದ," ಎಂದರು ಆಂಟಿ.

"ಬಾಣಂತೀನ ನಂಬಿಸಿ ಬೋನಿಗೆ ಹಾಕೋದಾ? ನನ್ನ ಕೈಲಾಗಲ್ಲ ತಾಯಿ, ಪಾಪ ಸುತ್ಕೊಳತ್ತೆ."

"ಅಯ್ಯೋ ಅಮ್ಮಾ, ಸೋಮವಾರ ಅದನ್ನ ಸಾಯಿಸ್ತಾರೆ!" ಎಂದು ನಾನು ರೇಗಿದೆ. ಮಗಳು ಎದ್ದು ಅತ್ತಳು.

ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸಿ, ಆಂಟಿಯನ್ನು ಕೇಳಿದಳು.

"ಸೂಜಿ ಹಾಕಿದ್ರೆ ಹಾಲು ಬತ್ತತ್ತಾ?"

"ಇಲ್ರೀ. ಮತ್ತ ಬಸರಾಗೂದಿಲ್ಲ, ಅಷ್ಟ."

ಭಾನುವಾರ ಬೆಳಿಗ್ಗೆ ಅಮ್ಮ ಎಂದಿನ ತಟ್ಟೆಯಲ್ಲೇ ಹಾಲನ್ನ ಕಲಸಿ, ತಾನೇ ಬೋನಿನೊಳಗೆ ಇಟ್ಟಳು. ಬೆಕ್ಕು ಹಿಂದೆ ಮುಂದೆ ನೋಡದೆ ಒಳಗೆ ಹೋಯಿತು. ಬೋನಿನ ಬಾಗಿಲು ಬಿದ್ದ ಸದ್ದಿಗೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಂಟಿ ಸೂಜಿ ಹಾಕಿ, ಮಧ್ಯಾಹ್ನದೊಳಗೆ ಅದನ್ನು ಮರಿಗಳ ಹತ್ತಿರ ತಂದುಬಿಟ್ಟರು. ನನಗೂ ಜೀವ ಬಂದಂತಾಯಿತು.

ಸಂಜೆ, ಸ್ಮೋಕ್ ಅಲಾರಂ ಕೂಗೀತೆಂದು ಕಿಟಕಿಗಳನ್ನೆಲ್ಲ ತೆರೆದು, ಅಮ್ಮ ನನ್ನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿದಳು.

"ಅಂತೂ ಒಪ್ಕೊಂಡೆಯಲ್ಲ," ಎಂದು ರೇಗಿಸಿದೆ.

ಅವಳು ನಗಲಿಲ್ಲ. ನನ್ನ ಅಜ್ಜಿ ಜ್ವರ ಬಂದು ಹೋದಳೆಂದೇ ಮನೆಯಲ್ಲಿ ನಮಗೆ ಹೇಳಿದ್ದರು.

"ಜ್ವರ ಅಲ್ಲ ಕಣೇ. ನಮ್ಮಮ್ಮ ಹೋಗಿದ್ದು ಒಂಬತ್ತನೇ ಹೆರಿಗೇಲಿ. ಸಾಕು ಸಾಕು ಅಂತ ಅಳ್ತಿದ್ಲು, ಯಾರು ಕೇಳ್ಬೇಕಲ್ಲ," ಎಂದು ನನ್ನ ಕೂದಲು ಬಿಡಿಸುತ್ತ ಹೇಳಿದಳು. "ಇಂಥ ಸೂಜಿ ಅವಳಿಗೆ ಸಿಕ್ಕಿದ್ದಿದ್ರೆ, ನನ್ನ ಬಾಣಂತನಕ್ಕೂ ಅಮ್ಮ ಇರ್ತಿದ್ಲು."